‘ನಸೀಬ ತೆರೀತು’ ಎನ್ನುವ ಮೊದಲು: ಅದೃಷ್ಟದ ಮಾತುಗಳಲ್ಲಿ ನಿಜವೆಷ್ಟು?

ಗೋಕಾಕ ಸೀಮೆಯ ಮೇಲವಂಕಿಯಂಥ ಊರಿನಲ್ಲಿ ಒಂದೇ ದಿನ ಅದೃಷ್ಟದ ಎಷ್ಟು ಮಾತುಗಳು ಕಿವಿಗೆ ಬೀಳುತ್ತವೆ ಎಂದು ಲೆಕ್ಕ ಹಾಕಿ ನೋಡಿ. ಪರೀಕ್ಷೆಗೆ ಹೊರಟ ಮಕ್ಕಳಿಗೆ ‘ಬೆಸ್ಟ್ ಆಫ್ ಲಕ್’. ಬೆಳೆಗೆ ಒಳ್ಳೆಯ ದರ ಸಿಕ್ಕವನಿಗೆ ‘ಅವನ ನಸೀಬ ತೆರೀತು’. ಹೊಲಕ್ಕೆ ಹೊಳೆಯ ನೀರು ನುಗ್ಗಿದವನಿಗೆ ‘ಹಣೇಬರಹ, ಏನ್ ಮಾಡೂದು’.

ಇವೆಲ್ಲ ಬರೀ ಮಾತುಗಳಲ್ಲವೇ, ಇವುಗಳಲ್ಲಿ ಸರಿ ತಪ್ಪು ಹುಡುಕುವುದೇಕೆ ಎಂದು ನೀವು ಕೇಳಬಹುದು. ಹಾರೈಕೆಯಾಗಿ, ಸಮಾಧಾನವಾಗಿ ಇವು ಒಳ್ಳೆಯ ಮಾತುಗಳೇ. ಆದರೆ ನಾವು ಹಣ ಕಟ್ಟುವಾಗ, ಮನೆ ಕಟ್ಟುವಾಗ ಇದೇ ಮಾತುಗಳ ಆಧಾರದ ಮೇಲೆ ನಿರ್ಧಾರ ಮಾಡಿದರೆ ನಷ್ಟವಾಗುತ್ತದೆ. ಹಾಗಾಗಿ ಕೆಲವು ಮಾತುಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಪದಗಳು ಏನು ಹೇಳುತ್ತವೆ?

‘ಅದೃಷ್ಟ’ ಸಂಸ್ಕೃತದ ಪದ. ‘ಕಾಣದಿರುವುದು’ ಎಂಬುದು ಅದರ ನೇರ ಅರ್ಥ. ‘ನಸೀಬು’ ಅರಬ್ಬಿ ಮೂಲದ ಪದ. ಅರ್ಥ, ಪಾಲಿಗೆ ಬಂದದ್ದು. ‘ಹಣೆಬರಹ’ ನಮ್ಮದೇ ಪದ, ಬಿಡಿಸಿ ಹೇಳಬೇಕಾಗಿಲ್ಲ. ಆಗಬೇಕಾದದ್ದನ್ನು ಯಾರೋ ಮೊದಲೇ ಹಂಚಿ, ಬರೆದು ಇಟ್ಟಿದ್ದಾರೆ ಎಂಬ ಭಾವ ಇವುಗಳಲ್ಲಿದೆ.

ಇಂಗ್ಲಿಷಿನ ಹಲವು ಪದಗಳು ಜೂಜಿನ ಹಾಸಿನ ಹತ್ತಿರದವು. ‘ಚಾನ್ಸ್’ ಎಂಬುದರ ಬೇರು ‘ಬೀಳು’ ಎಂಬ ಅರ್ಥದ ಲ್ಯಾಟಿನ್ ಪದ; ದಾಳ ಹೇಗೆ ಬೀಳುತ್ತದೋ ಹಾಗೆ. ಇಂದು ‘ಅಪಾಯ’ ಎಂಬ ಅರ್ಥದಲ್ಲಿ ಬಳಸುವ ‘ಹಜಾರ್ಡ್’ ಒಂದು ಕಾಲದಲ್ಲಿ ದಾಳದ ಆಟದ ಹೆಸರಾಗಿತ್ತು. ಸಂಭವನೀಯತೆಯ ಗಣಿತ ಬೆಳೆದದ್ದೂ ಇದೇ ಹಾಸಿನಿಂದ. 1654ರಲ್ಲಿ ಪ್ಯಾಸ್ಕಲ್ ಮತ್ತು ಫರ್ಮಾ ಎಂಬ ಫ್ರೆಂಚ್ ಗಣಿತಜ್ಞರು, ಅರ್ಧಕ್ಕೆ ನಿಂತ ಜೂಜಾಟದ ಹಣವನ್ನು ಹೇಗೆ ಹಂಚಬೇಕು ಎಂದು ಪತ್ರ ಬರೆದುಕೊಂಡರು. ಇಂದಿನ ವಿಮೆ, ಹವಾಮಾನ ಮುನ್ಸೂಚನೆ ಎಲ್ಲದರಲ್ಲೂ ಆ ಗಣಿತವಿದೆ.

ಕಾಗೆ ಮತ್ತು ಟೊಂಗೆ

‘ಕಾಗಿ ಕುಂದ್ರೂದಕ್ಕೂ ಟೊಂಗಿ ಮುರಿಯೂದಕ್ಕೂ ಸರಿ ಆತು.’ ಸಂಸ್ಕೃತದ ಕಾಕತಾಳೀಯ ನ್ಯಾಯದ ಕಥೆಯೂ ಹೀಗೆಯೇ: ಕಾಗೆ ಕುಳಿತಿತು, ತಾಳೆಯ ಹಣ್ಣು ಬಿತ್ತು. ಎರಡು ಘಟನೆ ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂದು ಈ ಮಾತು ಎಚ್ಚರಿಸುತ್ತದೆ. ಸಂಖ್ಯಾಶಾಸ್ತ್ರದ ಮೊದಲ ಪಾಠವೂ ಇದೇ. ತಾಯತ ಕಟ್ಟಿದ ಮರುದಿನ ಜ್ವರ ಇಳಿದರೆ, ಬೆಕ್ಕು ಅಡ್ಡ ಬಂದ ದಿನ ಬೈಕು ಕೆಟ್ಟರೆ, ಈ ಕಾಗೆಯನ್ನು ನೆನಪಿಸಿಕೊಳ್ಳಿ. ತಾಯತ ಕಟ್ಟಿಯೂ ಇಳಿಯದ ಜ್ವರ, ಬೆಕ್ಕು ಬಂದರೂ ಕೆಡದ ಬೈಕು ಎಷ್ಟು ಎಂದು ನಾವು ಎಣಿಸುವುದಿಲ್ಲ.

ಇನ್ನು ಈ ಸಲ ಬಂದೇ ಬರುತ್ತದೆ!

ಇಂಗ್ಲಿಷಿನಲ್ಲಿ ‘ಥರ್ಡ್ ಟೈಮ್ ಲಕ್ಕಿ’ ಎನ್ನುತ್ತಾರೆ. ಕ್ರಿಕೆಟ್ ಕಾಮೆಂಟರಿಯಲ್ಲಿ ‘ಲಾ ಆಫ್ ಆವರೇಜಸ್’ ಎಂಬ ಮಾತು ಕೇಳಿರುತ್ತೀರಿ. ನಮ್ಮಲ್ಲಿ ‘ಇಷ್ಟು ಸಲ ಹೋಗೇತಿ, ಈ ಸಲ ಬಂದ ಬರತೈತಿ’. ಎರಡು ಸಲ ಫೇಲಾದ ವಿದ್ಯಾರ್ಥಿಗೆ ಮೂರನೇ ಪ್ರಯತ್ನ ನಿಜಕ್ಕೂ ಸುಲಭವಾಗಬಹುದು, ಏಕೆಂದರೆ ಅವನು ಮಧ್ಯೆ ಓದಿಕೊಂಡಿರುತ್ತಾನೆ. ದಾಳಕ್ಕೆ ಹಿಂದಿನ ಆಟದ ನೆನಪಿಲ್ಲ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದ ಜೂಜುಮನೆಯಲ್ಲಿ ಚೆಂಡು ಸತತ 26 ಬಾರಿ ಕಪ್ಪು ಮನೆಗೇ ಬಿತ್ತು. ‘ಇನ್ನು ಕೆಂಪು ಬರಲೇಬೇಕು’ ಎಂದು ಕೆಂಪಿನ ಮೇಲೆ ಹಣ ಸುರಿದವರು ಅಪಾರ ಹಣ ಕಳೆದುಕೊಂಡರು.

ಇದು ದೂರದ ಕಥೆಯಲ್ಲ. ಮಟಕಾ ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತಿರುವ ಪದ. ಚೀಟಿಗಳನ್ನು ಹಾಕಿ ಎತ್ತುತ್ತಿದ್ದ ಮಣ್ಣಿನ ಗಡಿಗೆಯಿಂದ ಈ ಹೆಸರು ಬಂತು. ‘ಓಸಿ’ ಎಂದರೆ ಓಪನ್-ಕ್ಲೋಸ್. ಮುಂಬೈಯಲ್ಲಿ ಹತ್ತಿಯ ಆರಂಭದ ಮತ್ತು ಮುಕ್ತಾಯದ ದರದ ಮೇಲೆ ಕಟ್ಟುತ್ತಿದ್ದ ಬಾಜಿಯ ಕುರುಹು ಅದು. 0ಯಿಂದ 9ರವರೆಗಿನ ಒಂದು ಅಂಕಿಯ ಮೇಲೆ 10 ರೂಪಾಯಿ ಕಟ್ಟಿ, ಗೆದ್ದರೆ 90 ಸಿಗುತ್ತದೆ ಎಂದಿಟ್ಟುಕೊಳ್ಳಿ. ಆಟ ಪ್ರಾಮಾಣಿಕವೇ ಆಗಿದ್ದರೂ 100 ಸಲ ಆಡಿದವನು ಕಟ್ಟುವುದು 1,000 ರೂಪಾಯಿ, ಸರಾಸರಿಯಾಗಿ ಪಡೆಯುವುದು 900. ‘ಹತ್ತು ಸಲ ಕಟ್ಟಿದರೆ ಒಮ್ಮೆಯಾದರೂ ಹತ್ತುತ್ತದೆ’ ಎಂಬುದೂ ತಪ್ಪು. ಹತ್ತೂ ಸಲ ಸೋಲುವ ಸಂಭವ ಸುಮಾರು ಶೇ 35. ಕನಸಿನಲ್ಲಿ ಕಂಡ ಅಂಕಿ, ಗಾಡಿಯ ನಂಬರ್, ನಿನ್ನೆಯ ಪಟ್ಟಿ, ಯಾವುದೂ ಈ ಲೆಕ್ಕವನ್ನು ಬದಲಿಸುವುದಿಲ್ಲ. ಮಟಕಾ ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಪ್ರಕಾರ ಅಪರಾಧವೂ ಹೌದು. ಗೆದ್ದವನ ನಸೀಬಿನ ಸುದ್ದಿ ಊರೆಲ್ಲ ಹರಡುತ್ತದೆ. ಸೋತವರು ಮನೆಯಲ್ಲೂ ಹೇಳುವುದಿಲ್ಲ. ನಮಗೆ ಕೇಳಿಸುವುದೆಲ್ಲ ಗೆಲುವೇ ಆದ್ದರಿಂದ ಗೆಲುವು ಸುಲಭ ಎನಿಸುತ್ತದೆ.

ನೂರು ವರ್ಷಕ್ಕೊಮ್ಮೆ ಬರುವ ನೆರೆ

ದೊಡ್ಡ ಪ್ರವಾಹ ಬಂದಾಗ ‘ಇದು ನೂರು ವರ್ಷಕ್ಕೊಮ್ಮೆ ಬರುವಂಥದ್ದು’ ಎಂಬ ಮಾತು ಹುಟ್ಟುತ್ತದೆ. ಇದು ತಜ್ಞರ ಭಾಷೆ. ಪ್ರತಿ ವರ್ಷವೂ ಅಂಥ ನೆರೆ ಬರುವ ಸಂಭವ ಶೇ 1 ಎಂದು ಇದರ ಅರ್ಥ. ಒಮ್ಮೆ ಬಂದರೆ ಇನ್ನು 99 ವರ್ಷ ನಿಶ್ಚಿಂತೆ ಎಂದು ಅದು ಹೇಳುವುದಿಲ್ಲ. 30 ವರ್ಷ ಹೊಳೆದಂಡೆಯ ಮನೆಯಲ್ಲಿ ಬಾಳುವವರು ಅಂಥ ನೆರೆಯನ್ನು ಒಮ್ಮೆಯಾದರೂ ಕಾಣುವ ಸಂಭವ ಸುಮಾರು ಶೇ 26, ಅಂದರೆ ನಾಲ್ಕರಲ್ಲಿ ಒಂದು. ಮಳೆಯ ರೀತಿ ಬದಲಾದರೆ ಈ ಅಂಕಿಯೂ ಬದಲಾಗುತ್ತದೆ.

ಗೋಕಾಕದ ಜನ 2019ರ ಆಗಸ್ಟ್‌ನಲ್ಲಿ ಘಟಪ್ರಭೆಯ ಭೀಕರ ನೆರೆ ಕಂಡರು. ಎರಡೇ ವರ್ಷಕ್ಕೆ, 2021ರ ಜುಲೈನಲ್ಲಿ, ಮತ್ತೆ ನೀರು ಊರಿಗೆ ನುಗ್ಗಿತು. ಇದರ ಹಿಂದೆ ಕಾಣುವ ಕಾರಣಗಳಿವೆ: ಪಶ್ಚಿಮ ಘಟ್ಟದ ಮಳೆ, ಹಿಡಕಲ್ ಜಲಾಶಯದಿಂದ ಬಿಡುವ ನೀರು, ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ನದಿಗಳ ಸೇರುವಿಕೆ. ಕಾಣುವ ಕಾರಣವಿರುವುದಕ್ಕೆ ‘ಕಾಣದಿರುವುದು’ ಎಂಬ ಹೆಸರಿಟ್ಟರೆ, ಕಾಗದಪತ್ರ ಎಲ್ಲಿಡಬೇಕು, ದನಕರುಗಳನ್ನು ಯಾವಾಗ ಎತ್ತರಕ್ಕೆ ಹೊಡೆಯಬೇಕು, ಪರಿಹಾರ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗಳು ಅಲ್ಲೇ ನಿಂತುಬಿಡುತ್ತವೆ.

ಹಾಗಾದರೆ ಯಾವ ಮಾತು ಉಳಿಸಿಕೊಳ್ಳೋಣ?

‘ಗಾಳಿ ಬಂದಾಗ ತೂರಿಕೋ.’ ಗಾಳಿ ಯಾವಾಗ ಬೀಸುತ್ತದೋ ರೈತನ ಕೈಯಲ್ಲಿಲ್ಲ. ಈ ಮಾತು ಅದನ್ನು ಒಪ್ಪುತ್ತದೆ. ಆದರೆ ಬೀಸಿದಾಗ ಕಣ ಸಿದ್ಧವಿರಬೇಕು, ಕೈಯಲ್ಲಿ ಮೊರ ಇರಬೇಕು. ಮಕ್ಕಳಿಗೆ ‘ಬೆಸ್ಟ್ ಆಫ್ ಲಕ್’ ಹೇಳುವುದನ್ನು ಬಿಡಬೇಕಾಗಿಲ್ಲ. ಜೊತೆಗೆ ಹಾಲ್ ಟಿಕೆಟ್, ಪೆನ್ನು ಇಟ್ಟುಕೊಂಡಿದ್ದೀಯಾ ಎಂದೂ ಕೇಳೋಣ.