ಕೋಟೆ ಕೆಳಗಿನ ಊರು

ದೀಪಾವಳಿ ಹತ್ತಿರ ಬಂತೆಂದರೆ ಗೋರೆಗಾಂವ್‌ನ ನಮ್ಮ ಸೊಸೈಟಿಯ ಅಂಗಳದಲ್ಲಿ ಮಣ್ಣಿನ ಕೋಟೆಗಳು ಏಳುತ್ತವೆ. ಮುಂಬಯಿಯಲ್ಲಿ ನಾಲ್ಕು ವರ್ಷ ಕಳೆದವರಿಗೆ ಇದು ಹೊಸದಲ್ಲ. ಮಕ್ಕಳು ಇಟ್ಟಿಗೆ, ಗೋಣಿಚೀಲ, ಕೆಮ್ಮಣ್ಣು ಸೇರಿಸಿ ಗುಡ್ಡ ಮಾಡುತ್ತಾರೆ. ಮೇಲೆ ಕಾಳು ಚೆಲ್ಲಿ ಹಸಿರು ಬರಿಸುತ್ತಾರೆ. ತುದಿಯಲ್ಲಿ ಶಿವಾಜಿ ಮಹಾರಾಜರು, ಮೆಟ್ಟಿಲ ಮೇಲೆ ಮಾವಳೆ ಸೈನಿಕರು, ಬುಡದಲ್ಲಿ ಒಂದು ಹಳ್ಳಿ. ಬಾವಿ, ನಾಲ್ಕು ಮನೆ, ಒಂದು ಎತ್ತಿನಗಾಡಿ. ಕಳೆದ ಸಲ ಕೈಯೆಲ್ಲ ಮಣ್ಣು ಮಾಡಿಕೊಂಡು ಬಂದ ನನ್ನ ಮಗಳು, "ಅಪ್ಪಾ, ನಮ್ಮ ಊರಿನ ಕೋಟೆ ಯಾವುದು?" ಎಂದು ಕೇಳಿದಳು.

ಉತ್ತರ ಹುಡುಕಬೇಕಾಗಿರಲಿಲ್ಲ. ನನ್ನ ತಾಯಿಯ ತವರು ಕವಲೇದುರ್ಗದ ಬುಡದಲ್ಲೇ ಇದೆ. ತೀರ್ಥಹಳ್ಳಿಯಿಂದ ಸುಮಾರು 18 ಕಿ.ಮೀ. ದೂರ. ಗದ್ದೆಯ ಅಂಚಿನಲ್ಲಿ ನಡೆದು ಕಾಡಿನೊಳಗೆ ಹೊಕ್ಕರೆ ಕಲ್ಲುಹಾಸಿನ ದಾರಿ ಸಿಗುತ್ತದೆ. ಗುಡ್ಡದ ಏರಿಳಿತಕ್ಕೆ ತಕ್ಕಂತೆ ಒಂದರ ಒಳಗೊಂದು ಮೂರು ಸುತ್ತು ಗೋಡೆ, ಪ್ರತಿ ಸುತ್ತಿಗೂ ಒಂದು ಹೆಬ್ಬಾಗಿಲು, ಇಕ್ಕೆಲದಲ್ಲಿ ಕಾವಲುಗಾರರ ಜಾಗ. ಒಳಗೆ ಕಾಶಿ ವಿಶ್ವನಾಥ ದೇವಸ್ಥಾನ, ಕೊಳಗಳು, ಅರಮನೆಯ ಅಡಿಪಾಯ. ಅಡುಗೆಮನೆಯಿದ್ದ ಕಡೆ ಕಲ್ಲಿನ ಒಲೆ ಇನ್ನೂ ಹಾಗೇ ಇದೆ. ತುದಿಗೆ ಹತ್ತಿದರೆ ದೂರದಲ್ಲಿ ವಾರಾಹಿಯ ಹಿನ್ನೀರು ಹೊಳೆಯುತ್ತದೆ.

ಇದು ಕೆಳದಿ ನಾಯಕರ ಕೋಟೆ. ವಿಜಯನಗರದ ಅಧೀನದಲ್ಲಿ ಶುರುವಾದ ಈ ಮನೆತನ ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ರಾಜಧಾನಿ ಬದಲಿಸುತ್ತ 1763ರವರೆಗೆ ಆಳಿತು. ಆ ವರ್ಷ ಹೈದರಾಲಿ ಬಿದನೂರನ್ನು ಹಿಡಿದ. ಆ ಬಿದನೂರೇ ಇವತ್ತಿನ ನಗರ. ಭೂಮಿ ಅಳೆಸಿ, ಮಣ್ಣಿನ ಗುಣ ನೋಡಿ ಕಂದಾಯ ಕಟ್ಟಿದ 'ಶಿಸ್ತಿನ ಶಿವಪ್ಪ ನಾಯಕ' ಇದೇ ಮನೆತನದವನು. ಕೆಳದಿ ಚೆನ್ನಮ್ಮನೂ ಇದೇ ಮನೆತನದ ರಾಣಿ. ಕಿತ್ತೂರು ಚೆನ್ನಮ್ಮನ ಜೊತೆ ಇವಳನ್ನು ಕಲಸಿಬಿಡುವವರು ಮುಂಬಯಿಯಲ್ಲಿ ಮಾತ್ರವಲ್ಲ, ಊರಲ್ಲೂ ಇದ್ದಾರೆ. ಕಿತ್ತೂರಿನವಳು ಇಂಗ್ಲಿಷರ ಜೊತೆ ಹೋರಾಡಿದ್ದು 1824ರಲ್ಲಿ. ಕೆಳದಿಯವಳು ಅದಕ್ಕೂ ಸುಮಾರು ಒಂದೂವರೆ ಶತಮಾನ ಮೊದಲು ಪಟ್ಟಕ್ಕೆ ಬಂದು, 1697ರವರೆಗೆ ರಾಜ್ಯಭಾರ ಮಾಡಿದವಳು.

ಮಗಳಿಗೆ ನಾನು ಹೇಳಿದ್ದು ಅವಳ ಕಥೆ. 1689ರ ಮಾರ್ಚಿನಲ್ಲಿ ಔರಂಗಜೇಬ ಸಂಭಾಜಿಯನ್ನು ಕೊಲ್ಲಿಸಿದ. ತಮ್ಮ ರಾಜಾರಾಮ ರಾಯಗಡದಿಂದ ತಪ್ಪಿಸಿಕೊಂಡು ಪನ್ಹಾಳಕ್ಕೆ, ಅಲ್ಲಿಂದ ಕೆಲವೇ ಜನರ ಜೊತೆ ಲಿಂಗಾಯತ ಯಾತ್ರಿಕರ ವೇಷದಲ್ಲಿ ದಕ್ಷಿಣಕ್ಕೆ ಹೊರಟ. ಗುರಿ ತಮಿಳುನಾಡಿನ ಜಿಂಜಿ ಕೋಟೆ. ಹಿಂದೆ ಮೊಘಲರ ಪಡೆ. ದಾರಿಯಲ್ಲಿ ಸಿಕ್ಕಿದ್ದು ಚೆನ್ನಮ್ಮನ ನಾಡು. ಅವನನ್ನು ಒಳಗೆ ಬಿಟ್ಟುಕೊಂಡರೆ ಬಾದಶಹನ ಸೈನ್ಯ ಬಾಗಿಲಿಗೆ ಬರುತ್ತದೆ ಎನ್ನುವುದು ಯಾರಿಗೂ ಗೊತ್ತಿತ್ತು. ಅವಳು ಆಶ್ರಯ ಕೊಟ್ಟಳು, ಮುಂದೆ ಸುರಕ್ಷಿತವಾಗಿ ಸಾಗಿಸಿದಳು. ಮೊಘಲರ ಸೈನ್ಯ ಬಂದೇ ಬಂತು. ಯುದ್ಧವಾಗಿ ಕೊನೆಗೆ ಒಪ್ಪಂದವಾಯಿತು. ಅಷ್ಟರಲ್ಲಿ ರಾಜಾರಾಮ ಜಿಂಜಿ ಮುಟ್ಟಿದ್ದ.

ಈ ಕಥೆಗೆ ಈಗ ಇನ್ನೊಂದು ತುದಿ ಸಿಕ್ಕಿದೆ. 2025ರ ಜುಲೈಯಲ್ಲಿ ಯುನೆಸ್ಕೋ ಮರಾಠರ 12 ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 11 ಮಹಾರಾಷ್ಟ್ರದವು, ಒಂದು ಜಿಂಜಿ. ರಾಜಾರಾಮ ಹೊರಟ ರಾಯಗಡವೂ ತಲುಪಿದ ಜಿಂಜಿಯೂ ಒಂದೇ ಪಟ್ಟಿಯಲ್ಲಿವೆ. ಪಟ್ಟಿ ಮರಾಠರ ಕೋಟೆಗಳದ್ದಾದ್ದರಿಂದ ನಡುವಿನ ಮಲೆನಾಡು ಅದರಲ್ಲಿಲ್ಲ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಗಡಿಯಲ್ಲಿ ಬಸ್ಸು ನಿಂತಾಗಲೆಲ್ಲ, ಲೋಕಲ್ಲಿನಲ್ಲಿ ಭಾಷೆಯ ಮಾತು ಬಿಸಿಯೇರಿದಾಗಲೆಲ್ಲ, ಪಕ್ಕದ ಮನೆಯ ದೇಶಪಾಂಡೆಯವರಿಗೂ ನಮಗೂ ಸೇರಿದ ಕಥೆ ಒಂದಿದೆ ಎನ್ನುವುದು ನೆನಪಿದ್ದರೆ ಒಳ್ಳೆಯದು.

ಇಷ್ಟು ಕೋಟೆಯ ಮಾತಾಯಿತು. ನಾನು ಬರೆಯಲು ಕುಳಿತದ್ದು ಅದರ ಕೆಳಗಿನ ಊರಿನ ಬಗ್ಗೆ.

ಕೋಟೆ ಎಲ್ಲಿದ್ದರೂ ಬುಡದಲ್ಲಿ ಊರು ಇದ್ದೇ ಇರುತ್ತದೆ. ಮೇಲಿದ್ದವರಿಗೆ ಅಕ್ಕಿ, ಹಾಲು, ಸೌದೆ, ಕೆಲಸದ ಆಳು ಬೇಕಲ್ಲ. ಸ್ಲೊವಾಕಿಯಾದಲ್ಲಿ ಇಂಥ ಊರಿಗೆ 'ಪೊದ್‌ಹ್ರಾದ್ಯೆ' ಅನ್ನುತ್ತಾರಂತೆ, ಎಂದರೆ ಕೋಟೆ ಕೆಳಗಿನದು. ಅಲ್ಲಿನ ಸ್ಪಿಶ್ ಕೋಟೆ 1780ರಲ್ಲಿ ಬೆಂಕಿಗೆ ಆಹುತಿಯಾಗಿ ಹಾಳುಬಿತ್ತು, ಬುಡದ ಊರು ಮಾತ್ರ ಅದೇ ಹೆಸರಲ್ಲಿ ಇವತ್ತಿಗೂ ಇದೆ. ನಮ್ಮ ರಾಯಗಡದ ಕೆಳಗೆ ಪಾಚಾಡ್ ಇದೆ, ಜೀಜಾಬಾಯಿಯ ಸಮಾಧಿ ಇರುವುದು ಅಲ್ಲೇ. ಅರಸರು ಹೋದರು, ಫಿರಂಗಿ ಹೋಯಿತು, ಗೇಯುವವರು ಉಳಿದರು. ಎಲ್ಲ ಕಡೆಯೂ ಇದೇ ನಡೆದದ್ದು.

ಕವಲೇದುರ್ಗದ ಬುಡದಲ್ಲೂ ಹಾಗೇ ಉಳಿದವರು ನಮ್ಮ ಮಾವ. ವಯಸ್ಸು 74. ಸ್ವಲ್ಪ ಗದ್ದೆ, ಅಡಿಕೆ ತೋಟ, ಎರಡು ದನ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಮೂರ್ನಾಲ್ಕು ವರ್ಷದಿಂದ ತೀರ್ಥಹಳ್ಳಿ, ಹೊಸನಗರದ ಕಡೆಯ ತೋಟಗಳಿಗೆ ಎಲೆಚುಕ್ಕಿ ರೋಗ ಬಿದ್ದಿರುವುದನ್ನು ನೀವೂ ಓದಿರುತ್ತೀರಿ. ಅಡಿಕೆಯ ಸೋಗೆಯಲ್ಲಿ ಚುಕ್ಕಿ ಬಿದ್ದು, ಹರಡಿ, ಗರಿ ಒಣಗುತ್ತದೆ. ಮರ ಸೊರಗಿ ಫಸಲು ಇಳಿಯುತ್ತದೆ. ಔಷಧಿ ಹೊಡೆಸೋಣವೆಂದರೆ ಮರ ಹತ್ತುವವರು ಸಿಗುವುದಿಲ್ಲ.

ಈಗ ಬೆಂಗಳೂರಿನ ಒಬ್ಬರು ತೋಟ, ಮನೆ ಎರಡನ್ನೂ ಕೊಳ್ಳಲು ಕೇಳಿದ್ದಾರೆ. ಕೋಟೆ ನೋಡಲು ಶನಿವಾರ, ಭಾನುವಾರ ಜನ ಬರುತ್ತಾರೆ, ಅವರಿಗೆ ಉಳಿಯಲು ಜಾಗ ಕಟ್ಟುವ ಯೋಚನೆ. ನನ್ನ ತಾಯಿಗೂ ಪಾಲಿರುವುದರಿಂದ ಮೇ ತಿಂಗಳಲ್ಲಿ ಎಲ್ಲರೂ ಸೇರಿದೆವು. ಬೇಡವೆಂದವರು ನಾವು, ಬೆಂಗಳೂರು ಮುಂಬಯಿಯವರು. ಅಜ್ಜನ ತೋಟ, ರಜೆಯ ನೆನಪು, ಮಕ್ಕಳಿಗೆ ಊರು ಬೇಡವೇ ಎಂಬ ಮಾತು. ಮಾವ ಎಲ್ಲ ಕೇಳಿಸಿಕೊಂಡು ಕವಳ ಹಾಕಿಕೊಂಡರು. "ನಿಮಗೆ ಊರು ಇದ್ದ ಹಾಗೇ ಇರಬೇಕು ಮಾರಾಯ, ಸರಿ. ಆ ಕೋಟೆ ಯಾರೂ ನೋಡದಿದ್ರೂ ಇನ್ನೂರೈವತ್ತು ವರ್ಷ ನಿಂತಿದೆ, ಕಲ್ಲು ಅದು. ತೋಟ ಹಂಗಲ್ಲ. ಎರಡು ವರ್ಷ ಬಿಟ್ರೆ ಕಾಡು. ಗೇಯೋರು ಯಾರು, ಅದನ್ನ ಹೇಳಿ," ಅಂದರು.

ಯಾರೂ ಹೇಳಲಿಲ್ಲ. ತಾಯಿ ಮಾತ್ರ, "ಅಣ್ಣ ಇರೋತನಕ ಅಣ್ಣನ ಮಾತೇ, ನನ್ನ ಪಾಲಿನ ಲೆಕ್ಕ ತೆಗೀಬೇಡಿ," ಎಂದರು. ಕೊನೆಗೆ ಆದ ತೀರ್ಮಾನ ಇಷ್ಟು: ಈ ವರ್ಷ ಮಾರುವುದಿಲ್ಲ. ಫಸಲನ್ನು ಚೇಣಿಗೆ ಕೊಡುವುದು. ತೋಟಕ್ಕೆ ಕಾಯಂ ಒಬ್ಬ ಆಳು, ಅವನ ಸಂಬಳವನ್ನು ನಾವು ಐದು ಜನ ಹಂಚಿಕೊಳ್ಳುವುದು. ಔಷಧಿ ಹೊಡೆಸುವ ಹೊತ್ತಿಗೆ ಸರದಿಯಲ್ಲಿ ಒಬ್ಬೊಬ್ಬರು ರಜೆ ಹಾಕಿ ಹೋಗುವುದು. ಮುಂದಿನ ಮೇನಲ್ಲಿ ಮತ್ತೆ ಕೂತು ಲೆಕ್ಕ ನೋಡುವುದು. ಆಗಲೂ ಮಾವ ಮಾರೋಣ ಅಂದರೆ ಯಾರೂ ಅಡ್ಡ ಮಾತಾಡುವಂತಿಲ್ಲ. ಈ ಷರತ್ತು ಹಾಕಿದ್ದು ನಾನೇ. ಗೇಯದವರಿಗೆ ನೆನಪಿನ ಹಕ್ಕು ಇರಬಹುದು, ನಿರ್ಧಾರದ ಹಕ್ಕು ಗೇಯುವವರದ್ದು.

ನಿಮಗೂ ಹೋಗಿ ನೋಡಬೇಕೆನಿಸಿದರೆ ಕುರ್ಲಾ ಟರ್ಮಿನಸ್ಸಿನಿಂದ ಮತ್ಸ್ಯಗಂಧ ಹತ್ತಿ. ಮಧ್ಯಾಹ್ನ ಹೊರಟರೆ ಬೆಳಗಾಗುವ ಹೊತ್ತಿಗೆ ಕುಂದಾಪುರ. ಅಲ್ಲಿಂದ ಹೊಸಂಗಡಿ, ಬಾಳೆಬರೆ ಘಾಟಿ, ನಗರದ ಮೇಲೆ ಹೋಗಬಹುದು. ಉಡುಪಿಗೆ ಇಳಿದರೆ ಆಗುಂಬೆ, ತೀರ್ಥಹಳ್ಳಿ ದಾರಿ. ಮಳೆಗಾಲದಲ್ಲಿ ಕಲ್ಲುಹಾಸು ಜಾರುತ್ತದೆ, ಜಿಗಣೆ ಕಾಲು ಬಿಡುವುದಿಲ್ಲ. ಮಳೆ ನಿಂತ ಮೇಲೆ ಹೋಗುವುದು ವಾಸಿ. ಒಯ್ದ ಪ್ಲಾಸ್ಟಿಕ್ಕನ್ನು ವಾಪಸು ತನ್ನಿ. ಕೋಟೆ ಇಳಿದ ಕೂಡಲೇ ಕಾರು ತಿರುಗಿಸಬೇಡಿ. ಊರಿನಲ್ಲೇ ಊಟ ಮಾಡಿ, ಯಾರಾದರೂ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರೆ ಐದು ನಿಮಿಷ ನಿಂತು ಈ ಸಲದ ಫಸಲು ಹೇಗಿದೆಯೆಂದು ಕೇಳಿ. ಕೋಟೆಯ ಬಗ್ಗೆ ಅವರನ್ನು ಎಲ್ಲರೂ ಕೇಳುತ್ತಾರೆ. ಫಸಲಿನ ಬಗ್ಗೆ ಕೇಳುವವರು ಕಡಿಮೆ.