ಏರಿನಲ್ಲಿ ಓಡಿಸಿ ನೋಡದೆ ಇ-ಸೈಕಲ್ ಕೊಳ್ಳಬೇಡಿ



ದಸರಾ, ದೀಪಾವಳಿ ಹತ್ತಿರ ಬಂತೆಂದರೆ ಇ-ಸೈಕಲ್‌ಗಳ ರಿಯಾಯಿತಿ ಜಾಹೀರಾತು ಶುರುವಾಗುತ್ತದೆ. ಮಲೆನಾಡಿನಲ್ಲಿ ಮಳೆ ಹಿಂದೆ ಸರಿದು, ಚಿಕ್ಕಮಗಳೂರು, ಮಡಿಕೇರಿ, ಸಕಲೇಶಪುರ, ತೀರ್ಥಹಳ್ಳಿ ಸೀಮೆಯ ಒಳರಸ್ತೆಗಳಲ್ಲಿ ಸೈಕಲ್ ತುಳಿಯಲು ಹದವಾದ ಕಾಲವೂ ಅದೇ. ಹಾಗಾಗಿ ಈ ಮನವಿ ಈಗಲೇ. ಗುಡ್ಡದ ಸೀಮೆಯಲ್ಲಿ ಆರಾಮಾಗಿ ಸುತ್ತಾಡಲೆಂದು 25ರಿಂದ 45 ಸಾವಿರ ರೂಪಾಯಿಯೊಳಗೆ ಒಂದು ಇ-ಸೈಕಲ್ ತೆಗೆದುಕೊಳ್ಳಬೇಕೆಂದು ಮನಸ್ಸು ಮಾಡಿದ್ದರೆ, ದಯವಿಟ್ಟು ನನ್ನದೊಂದು ಮಾತು ನಡೆಸಿಕೊಡಿ. ದುಡ್ಡು ಕೊಡುವ ಮೊದಲು ಅದನ್ನು ಒಂದು ಏರಿನಲ್ಲಿ ಓಡಿಸಿ ನೋಡಿ. ಓಡಿಸಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ. ಆನ್‌ಲೈನ್‌ನಲ್ಲೇ ತರಿಸುವುದಾದರೂ ಅದೇ ಮಾಡೆಲ್ ಇಟ್ಟುಕೊಂಡವರನ್ನು ಹುಡುಕಿ, ಒಂದು ಸುತ್ತು ಕೇಳಿ ಪಡೆದು, ಆಮೇಲೆ ತರಿಸಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಇ-ಸೈಕಲ್ ಬಂದ ಮೇಲೆ ಗುಡ್ಡದ ರಸ್ತೆ ಗಟ್ಟಿ ಕಾಲಿನ ಹುಡುಗರಿಗೆ ಮಾತ್ರ ಅನ್ನುವ ಸ್ಥಿತಿ ಹೋಯಿತು. ಐವತ್ತು ದಾಟಿದವರು, ಮಂಡಿನೋವಿನವರು, ಶಾಲೆ ಬಿಟ್ಟ ಮೇಲೆ ಸೈಕಲ್ಲನ್ನೇ ಮುಟ್ಟದ ಹೆಂಗಸರು, ಗಂಡನ ವೇಗಕ್ಕೆ ಹೆಂಡತಿಯೋ ಹೆಂಡತಿಯ ವೇಗಕ್ಕೆ ಗಂಡನೋ ಸಾಟಿಯಾಗದ ದಂಪತಿ, ಎಲ್ಲರೂ ಈಗ ತೋಟದ ದಾರಿಯಲ್ಲಿ ಒಟ್ಟಿಗೆ ಹೋಗಿ ಒಟ್ಟಿಗೆ ಬರಬಹುದು. ಇದು ಸಣ್ಣ ಸಂಗತಿಯಲ್ಲ. ಆದರೆ ಬಯಲುಸೀಮೆಯ ಸಪಾಟು ರಸ್ತೆಗೆಂದು ಮಾಡಿದ ಗಾಡಿಯನ್ನು ತಂದು ಮೊದಲ ಘಾಟಿಯಲ್ಲೇ ತಳ್ಳಿಕೊಂಡು ಬಂದವರು ಮತ್ತೆ ಅದನ್ನು ಮುಟ್ಟುವುದಿಲ್ಲ. ಜಗಲಿಯ ಮೂಲೆ ಸೇರಿದ ಅಂಥ ಸೈಕಲ್‌ಗಳನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕಂಗೆಟ್ಟವರು ತಮ್ಮ ಕಾಲನ್ನು ಬೈದುಕೊಳ್ಳುತ್ತಾರೆ, ತಪ್ಪು ಇರುವುದು ಆಯ್ಕೆಯಲ್ಲಿ.

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಇರುವುದು ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬ ಅಂಕಿ. ಆ ಅಂಕಿ ಸಮತಟ್ಟಾದ ರಸ್ತೆಯದು, ಹಗುರ ಸವಾರನದು. ಗುಡ್ಡದವರಿಗೆ ಬೇಕಾದ ಲೆಕ್ಕ ಬೇರೆ. ಬ್ಯಾಟರಿಯ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್-ಅವರ್ ಎರಡನ್ನೂ ಗುಣಿಸಿ, ಬ್ಯಾಟರಿ ಹಿಡಿಯುವ ಶಕ್ತಿ, ಅಂದರೆ ವ್ಯಾಟ್-ಅವರ್ ಸಿಗುತ್ತದೆ. 36 ವೋಲ್ಟ್, 7.5 ಆಂಪಿಯರ್-ಅವರ್ ಇದ್ದರೆ 270. ಸವಾರ, ಸೈಕಲ್, ಬೆನ್ನಿನ ಚೀಲ ಎಲ್ಲ ಸೇರಿ 100 ಕೆ.ಜಿ. ಎಂದು ಹಿಡಿಯಿರಿ. ಇಷ್ಟು ಭಾರವನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಸುಮಾರು 27 ವ್ಯಾಟ್-ಅವರ್ ಬೇಕು. ಮೋಟಾರಿನ ಬಿಸಿಯಲ್ಲಿ ಸೋರುವುದನ್ನೂ ಸೇರಿಸಿದರೆ 35, 40 ಆದೀತು.

ಈಗ ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹೊರಡಿ. ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿ, ಶಿಖರ ಸುಮಾರು 1,930 ಮೀಟರ್. ಕೈಮರ ದಾಟಿ, ಸೀತಾಳಯ್ಯನಗಿರಿಯ ಕಡೆ ತಿರುಗಿ, ಮೆಟ್ಟಿಲು ಶುರುವಾಗುವ ಜಾಗದ ತನಕ ಹಿಡಿದರೂ 700 ಮೀಟರಿಗಿಂತ ಹೆಚ್ಚಿನ ಏರು. ಪೆಡಲ್ ತುಳಿಯದೆ ಥ್ರಾಟಲ್ ಹಿಡಿದು ಕೂತರೆ ಆ 270 ವ್ಯಾಟ್-ಅವರ್ ದಾರಿಯಲ್ಲೇ ಬರಿದಾಗುತ್ತದೆ. ಅರ್ಧ ಭಾರ ನಿಮ್ಮ ಕಾಲು ಹೊತ್ತರೆ ಮೇಲೆ ಮುಟ್ಟಿದಾಗಲೂ ಬ್ಯಾಟರಿಯಲ್ಲಿ ಹತ್ತಿರಹತ್ತಿರ ಅರ್ಧ ಉಳಿದಿರುತ್ತದೆ. ಆದ್ದರಿಂದ ಅಂಗಡಿಯವರನ್ನು ‘ಎಷ್ಟು ಕಿಲೋಮೀಟರ್ ಬರುತ್ತದೆ’ ಎಂದು ಕೇಳಬೇಡಿ, ‘ಎಷ್ಟು ವ್ಯಾಟ್-ಅವರ್’ ಎಂದು ಕೇಳಿ. ಗುಡ್ಡಕ್ಕೆ 350ರ ಆಸುಪಾಸು ಇದ್ದರೆ ನೆಮ್ಮದಿ. ಇಳಿಯುವಾಗ ಬ್ಯಾಟರಿ ತಾನೇ ಚಾರ್ಜ್ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬುವ ಮೊದಲು ಯೋಚಿಸಿ. ಈ ಬೆಲೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಗಾಲಿಯ ನಡುವೆ ಕೂರುವ, ಒಳಗೆ ಗಿಯರ್ ಇರುವ ಹಬ್ ಮೋಟಾರ್. ಇಳಿಜಾರಿನಲ್ಲಿ ಅದರ ಚಕ್ರ ಮೋಟಾರನ್ನು ಬಿಟ್ಟು ತನ್ನಷ್ಟಕ್ಕೆ ಉರುಳುತ್ತದೆ, ವಿದ್ಯುತ್ ಹುಟ್ಟುವ ಮಾತೇ ಇಲ್ಲ.

ಮೋಟಾರಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಪೆಡಲಿನ ಬುಡದಲ್ಲಿ ಕೂರುವ ಮಿಡ್-ಡ್ರೈವ್ ಮೋಟಾರ್ ಚೈನಿನ ಮೂಲಕ ಎಳೆಯುತ್ತದೆ, ಸೈಕಲ್ಲಿನ ಗಿಯರನ್ನೇ ಬಳಸುತ್ತದೆ. ಏರಿಗೆ ಅದೇ ಉತ್ತಮ, ಆದರೆ ಬೆಲೆ ನಮ್ಮ ಕೈಗೆ ಎಟುಕುವುದಲ್ಲ. ನಮ್ಮ ಪಾಲಿಗೆ ಉಳಿದಿರುವುದು ಹಬ್ ಮೋಟಾರ್. ಅದು ತೀರಾ ನಿಧಾನದ ಏರಿನಲ್ಲಿ ಬಿಸಿಯಾಗಿ ಸೋಲುತ್ತದೆ, ಆಗ ನಿಮ್ಮನ್ನು ಉಳಿಸುವುದು ಸೈಕಲ್ಲಿನ ಗಿಯರ್. ಆದ್ದರಿಂದ ಒಂದೇ ಗಿಯರಿನ ಮಾಡೆಲ್ ಎಷ್ಟೇ ಅಗ್ಗವಾಗಿರಲಿ, ಎಷ್ಟೇ ಚೆಂದವಾಗಿರಲಿ, ಗುಡ್ಡಕ್ಕೆ ತರಬೇಡಿ.

ಗಿಯರ್ ಏರಿಗೆ ಹಗುರವೇ ಎಂದು ತಿಳಿಯಲು ಅಂಗಡಿಯಲ್ಲಿ ಸ್ವಲ್ಪ ಬಗ್ಗಿ, ಚೈನ್ ಕೂರುವ ಚಕ್ರಗಳ ಹಲ್ಲು ಎಣಿಸಿ. ಪೆಡಲಿನ ಚಕ್ರಕ್ಕೆ 42 ಹಲ್ಲು, ಹಿಂದಿನ ದೊಡ್ಡ ಚಕ್ರಕ್ಕೆ 28 ಹಲ್ಲು ಇದ್ದರೆ, ಒಂದು ಸುತ್ತು ತುಳಿದಾಗ ಹಿಂದಿನ ಗಾಲಿ ಒಂದೂವರೆ ಸುತ್ತು ಹೋಗಬೇಕು. ಕಡಿದಾದ ಏರಿನಲ್ಲಿ ಮಂಡಿಗೆ ಅದು ಭಾರ. ಹಿಂದೆ 34 ಹಲ್ಲಿನದು ಇದ್ದರೆ, ಅಥವಾ ಮುಂದಿನದನ್ನು 36 ಇಲ್ಲವೇ 34 ಹಲ್ಲಿನದಕ್ಕೆ ಬದಲಿಸಲು ಬರುವಂತಿದ್ದರೆ, ಅದೇ ಮೋಟಾರ್, ಅದೇ ಬ್ಯಾಟರಿ, ಆದರೆ ಗಾಡಿಯೇ ಬೇರೆಯಾಗುತ್ತದೆ. ಈ ಬದಲಾವಣೆಗೆ ಹೆಚ್ಚು ಖರ್ಚಿಲ್ಲ. ದೊಡ್ಡ ಬ್ಯಾಟರಿಗೆ ಹತ್ತು ಸಾವಿರ ಹೆಚ್ಚು ಕೊಡಲು ಸಿದ್ಧರಿರುವವರು ಇದನ್ನು ಕೇಳುವುದೇ ಇಲ್ಲ ಎಂಬುದು ನನ್ನ ಬೇಸರ.

ಏರಿನ ಪರೀಕ್ಷೆ ಎಂದರೆ ಇಷ್ಟೇ. ಮೊದಲು ಪೆಡಲ್ ಅಸಿಸ್ಟ್‌ನಲ್ಲಿ, ಅಂದರೆ ತುಳಿದಾಗ ಮಾತ್ರ ಮೋಟಾರ್ ನೆರವಾಗುವಂತೆ ಇಟ್ಟು, ಕೂತೇ ಹತ್ತಿ. ಅರ್ಧದಲ್ಲಿ ನಿಲ್ಲಿಸಿ, ಏರಿನಲ್ಲೇ ಮತ್ತೆ ಹೊರಡಿ. ಆಮೇಲೆ ಮೋಟಾರ್ ಆಫ್ ಮಾಡಿ ನೂರು ಮೀಟರ್ ತುಳಿಯಿರಿ. ಇಂಥ ಸೈಕಲ್ ಸುಮಾರು 20ರಿಂದ 27 ಕೆ.ಜಿ. ತೂಗುತ್ತದೆ. ಬ್ಯಾಟರಿ ಕೈಕೊಟ್ಟ ದಿನ ಮನೆ ಸೇರುವುದು ಹೇಗೆಂದು ಆ ನೂರು ಮೀಟರ್ ತಿಳಿಸಿಕೊಡುತ್ತದೆ.

ಇನ್ನು ಬ್ರೇಕಿನ ಮಾತು. ನನಗೆ ನಿಜವಾದ ಭಯ ಇರುವುದು ಇಲ್ಲಿ. ಹತ್ತುವಾಗ ಗಾಡಿ ಸೋತರೆ ಇಳಿದು ತಳ್ಳಬಹುದು, ಇಳಿಯುವಾಗ ಬ್ರೇಕ್ ಸೋತರೆ ಮಾಡುವುದೇನು? 100 ಕೆ.ಜಿ. ಭಾರ 700 ಮೀಟರ್ ಕೆಳಗಿಳಿಯುವಾಗ, ಏರಿಸಲು ಬೇಕಾದ ಶಕ್ತಿಯ ಬಹುಪಾಲು ಬ್ರೇಕಿನ ಎರಡು ಪುಟ್ಟ ತಟ್ಟೆಗಳಲ್ಲಿ ಬಿಸಿಯಾಗಿ ಕರಗಬೇಕು. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಒಂದೇ ಸಮನೆ ಬ್ರೇಕ್ ಹಿಡಿದುಕೊಂಡೇ ಇಳಿದರೆ ಕೆಳಗಿನ ತಿರುವುಗಳಿಗೆ ಬರುವಷ್ಟರಲ್ಲಿ ಸುಟ್ಟ ವಾಸನೆ ಬರುತ್ತದೆ, ಲಿವರ್ ಹ್ಯಾಂಡಲ್‌ಗೆ ಹತ್ತಿರವಾಗುತ್ತದೆ, ಹಿಡಿತ ಜಾರುತ್ತದೆ. ಆ ತಟ್ಟೆಯನ್ನು ಆಗ ಬೆರಳಿನಿಂದ ಮುಟ್ಟಬೇಡಿ, ಚರ್ಮ ಅಂಟಿಕೊಂಡೀತು. ಮುಂದೆ ಹಿಂದೆ ಎರಡೂ ಕಡೆ ಡಿಸ್ಕ್ ಬ್ರೇಕ್ ಇರಲೇಬೇಕು. ಕೇಬಲ್ಲಿನದಾದರೂ ಸರಿ, ಪ್ಯಾಡ್ ಸವೆದಂತೆ ಬಿಗಿ ಮಾಡಿಕೊಳ್ಳುವುದನ್ನು ಕಲಿತಿರಬೇಕು. ಹೈಡ್ರಾಲಿಕ್ ಸಿಗುವುದಾದರೆ, ಡಿಸ್‌ಪ್ಲೇ, ಆ್ಯಪ್, ಬಣ್ಣ ಎಲ್ಲವನ್ನೂ ಬಿಟ್ಟು ಅದಕ್ಕೆ ಹಣ ಹಾಕಿ. ತೂಕ ಹೆಚ್ಚಿರುವವರು 160 ಮಿಲಿಮೀಟರಿನ ಬದಲು 180ರ ತಟ್ಟೆ ಕೂರುತ್ತದೆಯೇ ಎಂದು ಕೇಳಿ. ಬ್ರೇಕ್ ಮುಟ್ಟಿದ ಕೂಡಲೇ ಮೋಟಾರ್ ನಿಲ್ಲುತ್ತದೆಯೇ ಎಂಬುದನ್ನು ಅಂಗಡಿಯ ಮುಂದೆಯೇ ನೋಡಿಕೊಳ್ಳಿ. ಇಳಿಯುವಾಗ ತಿರುವಿಗೆ ಮೊದಲು ಬಲವಾಗಿ ಹಿಡಿದು ವೇಗ ತಗ್ಗಿಸಿ, ತಿರುವಿನ ನಂತರ ಬಿಡಿ. ತಟ್ಟೆಗೆ ತಣಿಯಲು ಸಮಯ ಸಿಗಬೇಕು. ದಾರಿಯಲ್ಲಿ ನಿಂತು ಕಣಿವೆ ನೋಡಿ, ಅದಕ್ಕೇ ಅಲ್ಲವೇ ಬಂದದ್ದು!

ಕಾನೂನಿನ ವಿಚಾರ ಸರಳ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ, 30 ನಿಮಿಷ ಸತತವಾಗಿ ಕೊಡುವ ಶಕ್ತಿ 250 ವ್ಯಾಟಿಗಿಂತ ಕಡಿಮೆ ಇದ್ದು, ಗಂಟೆಗೆ 25 ಕಿಲೋಮೀಟರಿಗೆ ಮೋಟಾರಿನ ನೆರವು ನಿಂತುಹೋಗುವ ಅನುಮೋದಿತ ಇ-ಸೈಕಲ್ ಮೋಟಾರು ವಾಹನದ ಲೆಕ್ಕಕ್ಕೆ ಬರುವುದಿಲ್ಲ. ನೋಂದಣಿ ಬೇಡ, ಲೈಸೆನ್ಸ್ ಬೇಡ. ‘ಸ್ಪೀಡ್ ಲಾಕ್ ತೆಗೆದುಕೊಡುತ್ತೇವೆ’ ಎನ್ನುವವರ ಮಾತಿಗೆ ಮರುಳಾಗಬೇಡಿ. ಲಾಕ್ ತೆಗೆದ ಮೇಲೆ ನಿಮ್ಮದು ನೋಂದಣಿಯೂ ವಿಮೆಯೂ ಇಲ್ಲದ ಮೋಟಾರು ವಾಹನ. ಯಾರಿಗಾದರೂ ತಾಗಿದರೆ ಹೊಣೆ ಪೂರ್ತಿ ನಿಮ್ಮದೇ. ಹೆಲ್ಮೆಟ್ ಮಾತ್ರ ಕಾನೂನು ಕೇಳಲಿ ಬಿಡಲಿ, ಹಾಕಿಕೊಳ್ಳಿ.

ಹಳೆಯ ಗಿಯರ್ ಸೈಕಲ್ ಮನೆಯಲ್ಲಿದ್ದರೆ ಮೋಟಾರ್ ಕಿಟ್ ಹಾಕಿಸುವ ಅಗ್ಗದ ದಾರಿಯೂ ಇದೆ. ಹಾಕಿಸುವುದಾದರೆ ಹಿಂದಿನ ಗಾಲಿಗೆ ಹಾಕಿಸಿ, ಆಕ್ಸಲ್ ತಿರುಗದಂತೆ ಹಿಡಿಯುವ ಟಾರ್ಕ್ ಆರ್ಮ್ ಕೂರಿಸಲು ಹೇಳಿ, ಬ್ರೇಕನ್ನು ಮೊದಲು ಬದಲಿಸಿ.

ನಮ್ಮ ಮಳೆಯನ್ನು ಮರೆಯುವಂತಿಲ್ಲ. ಪ್ಲಗ್ಗಿನ ಸಂದಿಗೆ ಇಳಿದ ನೀರು, ಪ್ಯಾಡಿಗೆ ಮೆತ್ತಿದ ಕೆಂಪು ಮಣ್ಣು, ಇವೆರಡೇ ಇಲ್ಲಿ ಹೆಚ್ಚು ಗಾಡಿಗಳನ್ನು ಕೆಡಿಸುವುದು. ಬ್ಯಾಟರಿ ಬಿಚ್ಚಿ ಒಳಗೆ ಒಯ್ಯಲು ಬರುವಂಥದ್ದೇ ಇರಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಓಡಿಸದಿದ್ದರೆ ಅರ್ಧ ಚಾರ್ಜಿನಲ್ಲಿ ಒಣಜಾಗದಲ್ಲಿಡಿ. ಗುಡ್ಡ ಹತ್ತಿ ಬಂದ ಬಿಸಿ ಬ್ಯಾಟರಿಯನ್ನು ತಣಿದ ಮೇಲೆಯೇ ಚಾರ್ಜಿಗೆ ಹಾಕಿ, ಗಾಡಿಯ ಜೊತೆ ಬಂದ ಚಾರ್ಜರಿನಿಂದಲೇ ಹಾಕಿ. ಸತ್ತ ಬ್ಯಾಟರಿಯನ್ನು ಕಸದ ಜೊತೆಗೋ ಹಳ್ಳಕ್ಕೋ ಎಸೆಯಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಕೊಳ್ಳುವಾಗಲೇ ‘ಎಲ್ಲಿಗೆ ಮರಳಿಸಬೇಕು’ ಎಂದು ಕೇಳಿಟ್ಟುಕೊಳ್ಳಿ. ವಾರಂಟಿಯಲ್ಲಿ ಬ್ಯಾಟರಿ, ಮೋಟಾರ್, ಕಂಟ್ರೋಲರ್ ಮೂರರ ಅವಧಿಯನ್ನೂ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ತಕರಾರಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಕಾಡಿನ ಬಗ್ಗೆಯೂ ಕೈಮುಗಿದು ಕೇಳುತ್ತೇನೆ. ಮೋಟಾರಿನ ಬಲವಿದೆಯೆಂದು ರಸ್ತೆ ಬಿಟ್ಟು ಹುಲ್ಲುಗಾವಲಿಗೆ ನುಗ್ಗಬೇಡಿ. ಗಿರಿಯ ನೆತ್ತಿಯ ತೆಳು ಮಣ್ಣಿನಲ್ಲಿ ಗಾಲಿ ಕೊರೆದ ಗೆರೆ ಮುಂದಿನ ಮಳೆಗೆ ಕೊರಕಲಾಗುತ್ತದೆ. ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಹೋಗಬೇಡಿ. ಕೊಡಗು, ಸಕಲೇಶಪುರ, ಆಲೂರಿನ ಕಡೆ ತೋಟದ ದಾರಿಗಳಲ್ಲಿ ಕಾಡಾನೆ ಓಡಾಡುತ್ತದೆ. ಇ-ಸೈಕಲ್ ಸದ್ದು ಮಾಡುವುದಿಲ್ಲ, ತಿರುವಿನಲ್ಲಿ ಆನೆಗೂ ನಮಗೂ ಪರಸ್ಪರ ಸುಳಿವು ಸಿಗುವುದು ತೀರಾ ತಡವಾಗಿ. ಬೆಳಗಿನ ಜಾವ, ಮುಸ್ಸಂಜೆ ಬೇಡ. ಹೊರಡುವ ಮೊದಲು ತೋಟದ ಕೆಲಸದವರನ್ನು ‘ಆನೆ ಎಲ್ಲಿದೆ’ ಎಂದು ಕೇಳಿ, ಅವರಿಗೆ ಗೊತ್ತಿರುತ್ತದೆ.

ಮಲೆನಾಡಿನ ಸೈಕಲ್ ಅಂಗಡಿಯವರಲ್ಲೂ ಒಂದು ಕೋರಿಕೆ. ಪ್ರತಿ ಮಾಡೆಲ್ಲಿನದೊಂದು ಗಾಡಿಯನ್ನು ಚಾರ್ಜ್ ಮಾಡಿ ಏರಿನಲ್ಲಿ ಓಡಿಸಿ ನೋಡಲು ಇಡಿ. ಬೆಲೆಚೀಟಿಯ ಪಕ್ಕದಲ್ಲೇ ವ್ಯಾಟ್-ಅವರ್, ತೂಕ, ಹಲ್ಲಿನ ಲೆಕ್ಕ ಬರೆದು ಅಂಟಿಸಿ. ಬ್ರೇಕ್ ಪ್ಯಾಡ್, ಟ್ಯೂಬ್ ಸದಾ ಇರಲಿ. ಹೋಮ್‌ಸ್ಟೇ ನಡೆಸುವವರೇ, ಮಳೆ ತಾಗದ ಜಾಗದಲ್ಲಿ ಒಂದು ಪ್ಲಗ್ ಪಾಯಿಂಟ್ ಕೊಡಿ. ಒಂದು ಸಲ ಪೂರ್ತಿ ಚಾರ್ಜಿಗೆ ಅರ್ಧ ಯೂನಿಟ್ ಕರೆಂಟೂ ಬೇಕಾಗುವುದಿಲ್ಲ.

ಕೊಳ್ಳಲು ಹೊರಟವರೇ, ಅಂಗಡಿಗೆ ಒಬ್ಬರೇ ಹೋಗಬೇಡಿ. ಮನೆಯಲ್ಲಿ ಮಂಡಿನೋವಿನವರು ಯಾರೋ, ಏರು ಕಂಡರೆ ಹಿಂಜರಿಯುವವರು ಯಾರೋ, ಅವರನ್ನೂ ಕರೆದುಕೊಂಡು ಹೋಗಿ. ಏರಿನಲ್ಲಿ ಮೊದಲು ಅವರು ಓಡಿಸಲಿ, ಯಾವ ಗಾಡಿ ಎಂದು ಅವರೇ ಹೇಳಲಿ.