‘ಪಾಳಣಾ’ ಪದಕ್ಕೆ ಬಿದ್ದ ಗೀಟು

ಕಳೆದ ಸತ್ರದಲ್ಲಿ ಐಚ್ಛಿಕ ಕನ್ನಡದ ಎರಡನೆಯ ವರ್ಷದವರಿಗೆ ‘ಬಾಲ್ಯದ ಒಂದು ನೆನಪು’ ಎಂಬ ವಿಷಯ ಕೊಟ್ಟು ಎರಡು ಪುಟ ಬರೆದು ತರಲು ಹೇಳಿದ್ದೆ. ಸೊಲ್ಲಾಪುರದ ಆಸುಪಾಸಿನ ಮಕ್ಕಳಿಗೆ ಈ ವಿಷಯ ಕೊಟ್ಟರೆ ಸಿದ್ಧರಾಮೇಶ್ವರನ ಗಡ್ಡಾ ಯಾತ್ರೆ ಬಂದೇ ಬರುತ್ತದೆ. ಹೋಮ್ ಮೈದಾನದಲ್ಲಿ ತಿರುಗುವ ಆ ದೊಡ್ಡ ತೊಟ್ಟಿಲೂ ಬರುತ್ತದೆ. ಬಂದವು. ಆದರೆ ಓದುತ್ತ ಹೋದಂತೆ ನನಗೆ ಕಸಿವಿಸಿಯಾಯಿತು. ಎಲ್ಲರೂ ‘ಆನಂದಸಾಗರದಲ್ಲಿ ಮುಳುಗಿ’ದ್ದರು, ಎಲ್ಲರ ಮನಸ್ಸೂ ‘ಹಕ್ಕಿಯಂತೆ ಹಾರಾಡಿ’ತ್ತು. ಒಬ್ಬರೂ ಹೆದರಿರಲಿಲ್ಲ. ಒಬ್ಬ ವಿದ್ಯಾರ್ಥಿನಿ ಮಾತ್ರ ‘ಪಾಳಣಾ’ ಎಂದು ಬರೆದು, ಅದರ ಮೇಲೆ ಗೀಟು ಎಳೆದು, ಪಕ್ಕದಲ್ಲಿ ‘ದೈತ್ಯಚಕ್ರ’ ಎಂದು ತಿದ್ದಿಕೊಂಡಿದ್ದಳು.

ಆ ಗೀಟಿನ ಮುಂದೆ ನಾನು ಬಹಳ ಹೊತ್ತು ಕುಳಿತೆ. ಏಕೆಂದರೆ ಆ ಗೀಟನ್ನು ಕಲಿಸಿದವರು ನಾವೇ. ಹಿಂದಿನ ವರ್ಷಗಳಲ್ಲಿ ಇಂಥ ಪದಗಳ ಕೆಳಗೆ ಕೆಂಪು ಶಾಯಿ ಎಳೆದು ‘ಮರಾಠಿ ಪ್ರಭಾವ’ ಎಂದು ಅಂಚಿನಲ್ಲಿ ಬರೆದವರಲ್ಲಿ ನಾನೂ ಒಬ್ಬ. ‘ದೈತ್ಯಚಕ್ರ’ ಎಂಬುದನ್ನು ನಮ್ಮ ಭಾಗದ ಯಾವ ಜಾತ್ರೆಯಲ್ಲಿಯೂ, ಯಾವ ತಾಯಿಯ ಬಾಯಲ್ಲಿಯೂ ನಾನು ಕೇಳಿಲ್ಲ. ಮರಾಠಿಯವರು ಅದನ್ನು ‘ಆಕಾಶ ಪಾಳಣಾ’ ಎನ್ನುತ್ತಾರೆ, ಕನ್ನಡದವರು ತೊಟ್ಟಿಲು ಎನ್ನುತ್ತಾರೆ. ಎರಡೂ ಕೂಸಿನ ತೊಟ್ಟಿಲ ಹೆಸರುಗಳೇ. ಇಂಗ್ಲಿಷಿನವರು ಮಾತ್ರ ಒಬ್ಬ ಎಂಜಿನಿಯರನ ಹೆಸರಿಟ್ಟರು: 1893ರ ಶಿಕಾಗೋ ಮೇಳದಲ್ಲಿ 264 ಅಡಿ ಎತ್ತರದ ಉಕ್ಕಿನ ಚಕ್ರ ನಿಲ್ಲಿಸಿದ ಫೆರಿಸ್‌ನದು. ಮನುಷ್ಯರು ಕೈಯಿಂದ ತಿರುಗಿಸುವ ಕಟ್ಟಿಗೆಯ ತೊಟ್ಟಿಲುಗಳು ಅದಕ್ಕಿಂತ ಬಹಳ ಹಳೆಯವು. ಪೀಟರ್ ಮಂಡಿ ಎಂಬ ಪ್ರವಾಸಿ 1620ರಲ್ಲಿಯೇ ತುರ್ಕರ ಸಾಮ್ರಾಜ್ಯದ ಊರೊಂದರಲ್ಲಿ ಅಂಥದನ್ನು ಕಂಡು ಬರೆದಿಟ್ಟಿದ್ದಾನೆ.

ನನ್ನ ಮೊದಲ ತೊಟ್ಟಿಲಿನ ಸಂಗತಿಯನ್ನು ಇಲ್ಲಿ ಹೇಳಬೇಕು. ಇಲ್ಲದಿದ್ದರೆ ಈ ವಾದಕ್ಕೆ ಬುಡವಿಲ್ಲ.

ನನಗಾಗ ಎಂಟು ವರ್ಷ. ಅಕ್ಕಲಕೋಟೆ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಎಸ್.ಟಿ. ಬಸ್ಸಿನಲ್ಲಿ ಕಾಕಾನ ಜೊತೆ ಬಂದಿದ್ದೆ. ನಂದಿಧ್ವಜಗಳನ್ನು ನೋಡಿದ್ದಾಗಿತ್ತು, ಭತ್ತಾಸು ತಿಂದದ್ದಾಗಿತ್ತು. ಮೌತ್ ಕಾ ಕುವಾದೊಳಗಿನ ಮೋಟಾರ್ ಸೈಕಲ್ಲಿನ ಸದ್ದಿಗೆ ಕಿವಿ ಮುಚ್ಚಿಕೊಂಡೇ ತೊಟ್ಟಿಲಿನ ಸಾಲಿನಲ್ಲಿ ನಿಂತೆ. ಅದು ಮೋಟಾರಿನಿಂದ ತಿರುಗುವುದೇ ಆಗಿದ್ದರೂ, ಕೆಲಸದ ಹುಡುಗರು ಕಂಬಿಗಳ ನಡುವೆ ಮಂಗಗಳಂತೆ ಹತ್ತಿ ಇಳಿದು ಮಾಡುತ್ತಿದ್ದರು. ನಾವು ಕುಳಿತೊಡನೆ ಒಬ್ಬನು ಅಡ್ಡ ಸಲಾಕೆಯನ್ನು ಸಿಕ್ಕಿಸಿ, “ಘಟ್ಟ ಧರಾ” ಎಂದ. ಅದನ್ನು ನಾನು ‘ಗಟ್ಟಿ ಹಿಡಿ’ ಎಂದೇ ಕೇಳಿಸಿಕೊಂಡೆ. ಆ ವಯಸ್ಸಿನಲ್ಲಿ ಎರಡು ಭಾಷೆಗಳ ನಡುವೆ ಗೋಡೆಯಿದೆಯೆಂದು ನನಗೆ ಗೊತ್ತಿರಲಿಲ್ಲ.

ತೊಟ್ಟಿಲು ಒಮ್ಮೆಲೇ ತಿರುಗುವುದಿಲ್ಲ. ಒಂದು ಪೆಟ್ಟಿಗೆ ತುಂಬಿದ ಮೇಲೆ ಸ್ವಲ್ಪ ಮೇಲೇರಿ ನಿಲ್ಲುತ್ತದೆ, ಮತ್ತೊಂದು ತುಂಬುತ್ತದೆ. ಭಾರ ಒಂದೇ ಕಡೆಗೆ ವಾಲಬಾರದೆಂದು ಎದುರುಬದುರಿನ ಪೆಟ್ಟಿಗೆಗಳನ್ನು ನೋಡಿ ನೋಡಿ ಜನರನ್ನು ಕೂರಿಸುತ್ತಾರೆ. ಹೀಗಾಗಿ ಎಲ್ಲರಿಗಿಂತ ಮೊದಲು ಹತ್ತಿದವರು ತುತ್ತತುದಿಯಲ್ಲಿ ಸುಮ್ಮನೆ ತೂಗಾಡುತ್ತ ಕಾಯಬೇಕು. ನಾವು ಕಾದೆವು. ಕೆಳಗೆ ಕೆರೆ, ಅದರ ನಡುವೆ ದೀಪ ಹೊತ್ತ ಗುಡಿ, ಪಕ್ಕದಲ್ಲಿ ಕೋಟೆಯ ಕಪ್ಪು ಗೋಡೆ, ದೂರದಲ್ಲಿ ಗಿರಣಿಯ ಚಿಮಣಿ. ಇದೆಲ್ಲ ಸುಂದರವಾಗಿತ್ತೆಂದು ಈಗ ಹೇಳಬಲ್ಲೆ. ಆಗ ನನಗೆ ಕಂಡದ್ದು ಕಾಲ ಕೆಳಗಿನ ಹಲಗೆಯ ಸಂದು ಮಾತ್ರ. ಆ ಸಂದಿನಲ್ಲಿ ಜನರ ತಲೆಗಳು ಜೋಳದ ಕಾಳಿನಷ್ಟಿದ್ದವು.

“ಕೆಳಗ ನೋಡಬ್ಯಾಡೋ, ನನ್ನ ಮಾರಿ ನೋಡು” ಎಂದರು ಕಾಕಾ. ನೋಡಿದೆ. ಹೊಲದಲ್ಲಿ ಹಾವು ಬಂದರೂ ಹಿಂದೆಗೆಯದ ಆ ಮನುಷ್ಯನ ಕಣ್ಣುಗಳು ಗಟ್ಟಿಯಾಗಿ ಮುಚ್ಚಿದ್ದವು.

ಆಮೇಲೆ ಚಕ್ರ ಬಿಟ್ಟಿತು. ತುದಿಯಿಂದ ಇಳಿಯುವಾಗ ಕುಳಿತ ಹಲಗೆಯೇ ನಮಗಿಂತ ಮುಂಚೆ ಜಾರುತ್ತದೆ; ಅದು ನಮ್ಮನ್ನು ಹೊತ್ತಿರುವ ಒತ್ತು ಕಡಿಮೆಯಾಗಿ ಮೈ ಹಗುರವಾಗುತ್ತದೆ. ಇದು ಪಾಠದಲ್ಲಿ ಓದಿ ಆಮೇಲೆ ತಿಳಿದ ಕಾರಣ. ಆಗ ತಿಳಿದದ್ದು ಎದೆ ಧಸಕ್ಕೆಂದದ್ದು, ಕರುಳು ಬಾಯಿಗೆ ಬಂದದ್ದು. ನಾನು “ಯವ್ವಾ!” ಎಂದು ಚೀರಿದೆ. ಮೇಲಿನ ಪೆಟ್ಟಿಗೆಯಿಂದ “ಆಯೀ ಗಂ” ಎಂದು ಕೇಳಿತು. ಕೆಳಗಿನದರಿಂದ “ಅಮ್ಮೋ” ಎಂದು ನೇಕಾರರ ತೆಲುಗು ಬಂತು. ನಾನು ಓದುತ್ತಿದ್ದದ್ದು ಮರಾಠಿ ಶಾಲೆಯಲ್ಲಿ. ಎಣಿಸುತ್ತಿದ್ದದ್ದು, ಪ್ರಾರ್ಥನೆ ಹೇಳುತ್ತಿದ್ದದ್ದು, ಬೈಸಿಕೊಳ್ಳುತ್ತಿದ್ದದ್ದು ಎಲ್ಲವೂ ಮರಾಠಿಯಲ್ಲಿ. ಆದರೆ ಆ ಕೂಗನ್ನು ನಾನು ಆರಿಸಿ ಕೂಗಲಿಲ್ಲ. ನನ್ನೊಳಗೆ ಯಾವ ಭಾಷೆ ಎಲ್ಲಿ ಕುಳಿತಿದೆಯೆಂಬುದು ನನಗೆ ಗೊತ್ತಾದದ್ದು ಆ ಎತ್ತರದಲ್ಲಿ. ಕನ್ನಡ ಶಾಲೆಯ ಮೆಟ್ಟಿಲು ಹತ್ತದ ಒಬ್ಬನು ಮುಂದೆ ಕನ್ನಡವನ್ನೇ ಐಚ್ಛಿಕವಾಗಿ ತೆಗೆದುಕೊಂಡದ್ದಕ್ಕೆ ಬೇರೆ ಕಾರಣಗಳೂ ಇವೆ, ಆದರೆ ಇದನ್ನು ನಾನು ಮರೆತಿಲ್ಲ.

ಆದುದರಿಂದಲೇ ನಮ್ಮ ವಿದ್ಯಾರ್ಥಿಗಳ ಬರೆಹದಲ್ಲಿ ಭಯವೂ ‘ಯವ್ವಾ’ವೂ ಒಟ್ಟಿಗೆ ಕಾಣೆಯಾದದ್ದು ನನಗೆ ಆಕಸ್ಮಿಕವೆನಿಸುವುದಿಲ್ಲ. ಪದವನ್ನು ತಿದ್ದಿದಾಗ ಅನುಭವವೂ ತಿದ್ದಿಹೋಗುತ್ತದೆ. ‘ದೈತ್ಯಚಕ್ರ’ವನ್ನು ಯಾರೂ ಹತ್ತಿಲ್ಲವಾದ್ದರಿಂದ ಅದರಲ್ಲಿ ಕುಳಿತು ಯಾರೂ ಹೆದರಲಾರರು.

ಇದಕ್ಕೆ ಸಹೋದ್ಯೋಗಿಗಳೊಬ್ಬರು ಹೇಳಿದ ಆಕ್ಷೇಪ ಹಗುರವಾದುದಲ್ಲ. ನಮ್ಮ ಮಕ್ಕಳ ಉತ್ತರಪತ್ರಿಕೆಯನ್ನು ನೋಡುವವರು ಬೇರೆಯವರು, ಗಡಿಯಾಚೆಯ ಮಕ್ಕಳ ಕನ್ನಡ ‘ಕೆಟ್ಟ ಕನ್ನಡ’ವೆಂಬ ಮಾತು ಈಗಾಗಲೇ ಇದೆ, ನಾವೇ ಅದಕ್ಕೆ ಆಧಾರ ಒದಗಿಸಬೇಕೇ ಎಂದು ಅವರು ಕೇಳಿದರು. ವಿಮರ್ಶೆಯ ಪ್ರಬಂಧದಲ್ಲಿ, ಛಂದಸ್ಸಿನ ಉತ್ತರದಲ್ಲಿ ಶಿಷ್ಟ ಕನ್ನಡವೇ ಇರಲಿ, ನನ್ನದೇನೂ ತಕರಾರಿಲ್ಲ. ನೆನಪಿನ ಬರೆಹದ ಮಾತು ಬೇರೆ. ಅಲ್ಲಿ ವಸ್ತುವಿನ ಹೆಸರು ಮತ್ತು ಬಾಯಿಂದ ಬಂದ ಕೂಗು ಸಾಕ್ಷ್ಯಗಳು. ಸಾಕ್ಷ್ಯವನ್ನು ತಿದ್ದುವ ಹಕ್ಕು ನಮಗಿಲ್ಲ. ಇಷ್ಟಕ್ಕೂ ಪದಗಳು ಒಂದೇ ದಿಕ್ಕಿಗೆ ಹರಿದಿವೆಯೇ? ಇದೇ ಯಾತ್ರೆಯಲ್ಲಿ ಅರವತ್ತೆಂಟು ಲಿಂಗಗಳಿಗೆ ನಡೆಯುವ ತೈಲಾಭಿಷೇಕವನ್ನು ಮರಾಠಿ ಪತ್ರಿಕೆಗಳು ಇಂದಿಗೂ ‘ಯಣ್ಣಿಮಜ್ಜನ’ ಎಂದು ಅಚ್ಚು ಹಾಕುತ್ತವೆ. ನಮ್ಮ ಎಣ್ಣೆ, ನಮ್ಮ ಮಜ್ಜನ. ಅವರು ಅದಕ್ಕೆ ಗೀಟು ಎಳೆದಿಲ್ಲ.

ಯಾರ ಜಾತ್ರೆಯಲ್ಲಿ ಈ ತೊಟ್ಟಿಲು ತಿರುಗುತ್ತದೆಯೋ ಆ ಸಿದ್ಧರಾಮನ ಕಥೆಯನ್ನೇ ನೆನೆಯಿರಿ. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದಲ್ಲಿ ಆ ದನಗಾಹಿ ಹುಡುಗ ಮಲ್ಲಯ್ಯನನ್ನು ಹುಡುಕಿ ಶ್ರೀಶೈಲದವರೆಗೂ ಹೋಗುತ್ತಾನೆ, ಕಾಣದೆ ಕೊಳ್ಳದ ಅಂಚಿನಲ್ಲಿ ನಿಂತು ಕೂಗುತ್ತಾನೆ. ಅವನು ಕೂಗುವುದು ಸಹಸ್ರನಾಮವನ್ನಲ್ಲ, ತನಗೆ ಗೊತ್ತಿದ್ದ ಆ ಒಂದು ಹೆಸರನ್ನೇ. ದೊಡ್ಡ ಕವಿ ಆ ಮಗುವಿನ ಬಾಯಿಗೆ ಪಂಡಿತರ ಮಾತನ್ನು ತುರುಕಲಿಲ್ಲ.

ಆ ಪ್ರಬಂಧಗಳನ್ನು ಅಂಕ ಕೊಡದೆ ಹಿಂದಿರುಗಿಸಿದ್ದೇನೆ. ಹೊಡೆದುಹಾಕಿದ ಪದಗಳನ್ನು ಉಳಿಸಿಕೊಂಡು, ಚಕ್ರ ಇಳಿಯುವ ಆ ಒಂದು ಸುತ್ತನ್ನು ಮಾತ್ರ ಮತ್ತೊಮ್ಮೆ ಬರೆಯಲು ಕೇಳಿದ್ದೇನೆ. ಮರುದಿನ ಒಬ್ಬ ಹುಡುಗ ಬಂದು, “ಸರ್, ನಾ ಚೀರಲಿಲ್ರೀ, ಉಚ್ಚಿ ಹೊಯ್ಕೊಂಡಿದ್ದೆ. ಅದನ್ನ ಬರೀಬಹುದೇನ್ರೀ?” ಎಂದು ಮೆಲ್ಲಗೆ ಕೇಳಿದ. ಬರೆ ಎಂದೆ. ಅವನ ಪುಟ ಮುಂದಿನ ಸಂಚಿಕೆಯಲ್ಲಿದೆ.